ನೀರಿನ ದಡದ ಕಟ್ಟಳೆಗಳು: ಮೀನು ಹಿಡಿಯುವ ಮತ್ತು ಮೀಯುವ ನಿಯಮಗಳ ಇತಿಹಾಸದ ಒಂದು ಸಮೀಕ್ಷೆ

ನಮ್ಮ ಪಟ್ಟಣಗಳ ಕೆರೆಯ ಏರಿಗಳ ಮೇಲೆ ‘ಇಲ್ಲಿ ಈಜಬಾರದು’, ‘ಮೀನು ಹಿಡಿಯಬಾರದು’ ಎಂಬ ಎರಡು ನಿಷೇಧಗಳು ಒಂದೇ ಫಲಕದಲ್ಲಿ ಬರೆದಿರುವುದನ್ನು ಎಲ್ಲರೂ ಕಂಡಿದ್ದಾರೆ. ಇತಿಹಾಸಕಾರನು ನಿಂತು ಓದಬೇಕಾದ ಶಾಸನವೆಂದು ಅದನ್ನು ಯಾರೂ ಭಾವಿಸುವುದಿಲ್ಲ. ಆದರೆ ಇಂತಹ ಪ್ರತಿಯೊಂದು ಕಟ್ಟಳೆಯ ಹಿಂದೆಯೂ ಒಂದು ಪ್ರಶ್ನೆ ಅಡಗಿದೆ: ಈ ನಿಯಮವು ಕಾಯುವುದು ಯಾವುದನ್ನು? ನೀರನ್ನೋ, ಮೀನನ್ನೋ, ರಾಜಾದಾಯವನ್ನೋ, ಅಥವಾ ಕೆಲವರ ಅಂತಸ್ತನ್ನೋ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಪ್ರಾಚೀನ ಕಾಲದಿಂದ ನಮ್ಮ ಕಾಲದವರೆಗಿನ ಕೆಲವು ಮುಖ್ಯ ಆಧಾರಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡೋಣ. ಆ ಗ್ರಂಥದ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲವಾದರೂ, ನೀರಿನ ಬಗೆಗಿನ ಅದರ ವಿಧಿಗಳು ಅತ್ಯಂತ ಸ್ಪಷ್ಟವಾಗಿವೆ. ಸೇತುಗಳಲ್ಲಿ, ಎಂದರೆ ಕಟ್ಟೆಕಾಲುವೆಗಳಲ್ಲಿ, ದೊರೆಯುವ ಮೀನು, ದೋಣಿಯ ಸಾಗಾಟ ಮತ್ತು ಕಾಯಿಪಲ್ಲೆಗಳ ಮೇಲೆ ರಾಜನಿಗೆ ಸ್ವಾಮ್ಯವುಂಟೆಂದು ಅದು ಹೇಳುತ್ತದೆ. ನಾವಧ್ಯಕ್ಷನ ಪ್ರಕರಣದಲ್ಲಿ, ಮೀನುಗಾರರು ತಮ್ಮ ಹಿಡಿತದ ಆರನೆಯ ಒಂದು ಪಾಲನ್ನು ದೋಣಿಯ ಬಾಡಿಗೆಯಾಗಿ ಒಪ್ಪಿಸಬೇಕೆಂಬ ವಿಧಿಯಿದೆ. ನಗರಾಡಳಿತವನ್ನು ಕುರಿತ ಪ್ರಕರಣದಲ್ಲಾದರೋ ಬೇರೊಂದು ಬಗೆಯ ಚಿಂತೆ ಕಾಣುತ್ತದೆ. ಪುಣ್ಯಸ್ಥಾನ, ನೀರಿನ ಸ್ಥಾನ, ದೇವಾಲಯ, ರಾಜಗೃಹಗಳ ಬಳಿ ಮಲವಿಸರ್ಜನೆ ಮಾಡಿದವನಿಗೆ ಒಂದು ಪಣದಿಂದ ಆರಂಭವಾಗಿ ಕ್ರಮವಾಗಿ ಏರುವ ದಂಡ. ಮೂತ್ರವಿಸರ್ಜನೆಗೆ ಅದರ ಅರ್ಧ. ಔಷಧ, ರೋಗ, ಭಯ ಇವುಗಳಿಂದಾಗಿ ಹಾಗೆ ಮಾಡಿದವನು ದಂಡನಾರ್ಹನಲ್ಲವೆಂಬ ವಿನಾಯಿತಿಯನ್ನೂ ಅಲ್ಲಿಯೇ ಸೇರಿಸಲಾಗಿದೆ. ಆದಾಯದ ರಕ್ಷಣೆ ಮತ್ತು ನೀರಿನ ಶುಚಿತ್ವದ ರಕ್ಷಣೆ ಎಂಬ ಎರಡು ಗುರಿಗಳು ಇಲ್ಲಿ ಒಂದೇ ಗ್ರಂಥದಲ್ಲಿ ಬೇರೆಬೇರೆಯಾಗಿ ನಿಂತಿರುವುದನ್ನು ಗಮನಿಸಬೇಕು.

ಮೂರನೆಯ ಗುರಿಯನ್ನು ಅಶೋಕನ ಐದನೆಯ ಸ್ತಂಭಶಾಸನದಲ್ಲಿ ಕಾಣುತ್ತೇವೆ. ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ ಹೊರಡಿಸಿದ ಈ ಶಾಸನದಲ್ಲಿ, ಚಾತುರ್ಮಾಸ್ಯದ ಹುಣ್ಣಿಮೆಗಳು, ತಿಷ್ಯದ ಹುಣ್ಣಿಮೆ ಮತ್ತು ಉಪೋಸಥದ ದಿನಗಳಲ್ಲಿ ಮೀನನ್ನು ಕೊಲ್ಲಬಾರದು, ಮಾರಲೂಬಾರದು ಎಂಬ ಆಜ್ಞೆಯಿದೆ. ಅದೇ ದಿನಗಳಲ್ಲಿ ಮೀನುಗಾರರ ಮೀಸಲು ಜಲಗಳಲ್ಲಿ ಇತರ ಜೀವಿಗಳನ್ನೂ ಕೊಲ್ಲಕೂಡದೆಂದು ಅಲ್ಲಿ ವಿಧಿಸಲಾಗಿದೆ. ಇಲ್ಲಿ ಕಾಯುವುದು ಮೀನಿನ ಪ್ರಾಣವನ್ನು. ಆದರೆ ಆ ದಿನಗಳಂದು ಬಲೆಯನ್ನು ಮಡಿಸಿಟ್ಟು ಕುಳಿತ ಬೆಸ್ತನ ಮನೆಯ ಒಲೆಯ ಮಾತನ್ನು ಶಾಸನವು ಆಡುವುದಿಲ್ಲ.

ಕನ್ನಡನಾಡಿನ ಮಟ್ಟಿಗೆ ಈ ವಿಷಯದಲ್ಲಿ ಒಂದು ಅಪೂರ್ವವಾದ ಆಧಾರವಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಜಲಕ್ರೀಡೆಗೂ ಮತ್ಸ್ಯವಿನೋದಕ್ಕೂ ಪ್ರತ್ಯೇಕ ಸ್ಥಾನವಿದೆ. ಸುಮಾರು ೩೫ ಬಗೆಯ ಮೀನುಗಳ ಹೆಸರುಗಳು, ಅವುಗಳಿಗೆ ಹಾಕಬೇಕಾದ ಆಹಾರ, ಗಾಳದ ದಾರ ಮತ್ತು ಕೋಲು ಇವೆಲ್ಲವನ್ನೂ ಗ್ರಂಥಕರ್ತನು ವಿವರಿಸುತ್ತಾನೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು ೧೯೫೧ರಲ್ಲಿ ಈ ಭಾಗವನ್ನು ಕುರಿತು ಬರೆದು, ಅದರ ವೈಜ್ಞಾನಿಕ ಮಹತ್ತ್ವವನ್ನು ವಿದ್ವಾಂಸರ ಗಮನಕ್ಕೆ ತಂದರು. ನಮ್ಮ ದೃಷ್ಟಿಗೆ ಇದರಲ್ಲಿ ಇನ್ನೊಂದು ಸಂಗತಿಯೂ ಹೊಳೆಯುತ್ತದೆ. ಅರಸನಿಗೆ ವಿನೋದವಾದ ಕೆಲಸವೇ ಬೆಸ್ತನಿಗೆ ಜೀವನೋಪಾಯ. ಅರ್ಥಶಾಸ್ತ್ರದ ಪ್ರಕಾರ ಅದು ತೆರಿಗೆಯ ಬಾಬು. ಒಂದೇ ನೀರು, ಒಂದೇ ಮೀನು. ದಡದಲ್ಲಿ ನಿಂತವನು ಯಾರೆಂಬುದರ ಮೇಲೆ ನಿಯಮವು ಬೇರೆಯಾಗುತ್ತಿತ್ತು.

ಕೆರೆಗಳ ನಿರ್ಮಾಣ ಮತ್ತು ಜೀರ್ಣೋದ್ಧಾರದ ವಿಷಯದಲ್ಲಿ ನಮ್ಮ ಶಾಸನಗಳು ಬಹಳ ಉದಾರವಾಗಿ ಮಾತನಾಡುತ್ತವೆ. ಬಿತ್ತುವಟ್ಟ, ದಶವಂದ ಮೊದಲಾದ ದತ್ತಿಗಳು ವಿದ್ಯಾರ್ಥಿಗಳಿಗೆ ಪರಿಚಿತವಾದುವೇ. ವಿಜಯನಗರದ ಭಾಸ್ಕರ ಭವದೂರನ ೧೩೬೯ರ ಪೋರುಮಾಮಿಳ್ಳ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಅದಕ್ಕೆ ತಗಲಬಹುದಾದ ಆರು ದೋಷಗಳನ್ನೂ ಎಣಿಸುತ್ತದೆ. ಆದರೆ ಯಾವ ಮೆಟ್ಟಿಲಲ್ಲಿ ಯಾರು ಮೀಯಬೇಕು, ಯಾರು ಇಳಿಯಬಾರದು ಎಂಬುದು ಬಹುಮಟ್ಟಿಗೆ ಕಲ್ಲಿನ ಮೇಲಿನ ಬರಹವಾಗಿರದೆ ರೂಢಿಯ ಮಾತಾಗಿತ್ತು. ಬರೆಯದ ಕಟ್ಟಳೆಗೆ ಒಂದು ವಿಶೇಷ ಬಲವುಂಟು: ಅದು ತಾನು ಅನಾದಿಯೆಂದು ಹೇಳಿಕೊಳ್ಳಬಲ್ಲುದು.

ಬ್ರಿಟಿಷರ ಆಳ್ವಿಕೆಯಲ್ಲಿ ರೂಢಿಯ ಪಕ್ಕದಲ್ಲಿ ಲಿಖಿತ ಕಾನೂನು ಬಂದು ನಿಂತಿತು. ೧೮೬೦ರ ಭಾರತೀಯ ದಂಡಸಂಹಿತೆಯ ೨೭೭ನೆಯ ಪ್ರಕರಣದಂತೆ, ಸಾರ್ವಜನಿಕ ಬುಗ್ಗೆಯ ಅಥವಾ ಜಲಾಶಯದ ನೀರನ್ನು ಬೇಕೆಂದೇ ಕೆಡಿಸಿ, ಎಂದಿನ ಉಪಯೋಗಕ್ಕೆ ಒದಗದಂತೆ ಮಾಡಿದವನಿಗೆ ಮೂರು ತಿಂಗಳವರೆಗಿನ ಸೆರೆವಾಸ ಅಥವಾ ೫೦೦ ರೂಪಾಯಿಗಳವರೆಗಿನ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದಾಗಿತ್ತು. ೧೮೯೭ರ ಭಾರತೀಯ ಮೀನುಗಾರಿಕಾ ಅಧಿನಿಯಮವು ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನನ್ನು ಕೊಲ್ಲುವುದನ್ನು ಅಪರಾಧವಾಗಿಸಿತು. ಬಲೆಯ ಅಳತೆ, ಅಡ್ಡಗಟ್ಟೆ, ಮೀನು ಹಿಡಿಯಬಾರದ ಅವಧಿ ಮುಂತಾದವನ್ನು ಕುರಿತು ಸ್ಥಳೀಯ ನಿಯಮಗಳನ್ನು ಮಾಡುವ ಅಧಿಕಾರವನ್ನು ಅದು ಪ್ರಾಂತ ಸರಕಾರಗಳಿಗೆ ಕೊಟ್ಟಿತು. ಮೈಸೂರು ಸಂಸ್ಥಾನವು ೧೯೦೧ರಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ಸಂರಕ್ಷಣೆಗೆ ತನ್ನದೇ ಆದ ರೆಗ್ಯುಲೇಷನ್ ಅನ್ನು ಜಾರಿಗೆ ತಂದಿತು.

ಇಲ್ಲಿ ಒಂದು ಸೂಕ್ಷ್ಮವಾದ ತೊಡಕು ಹುಟ್ಟಿತು. ‘ನೀರನ್ನು ಕೆಡಿಸುವುದು’ ಎಂದರೇನು? ಕಾನೂನಿನ ಭಾಷೆಯಲ್ಲಿ ಅದು ಕೊಳಕು. ರೂಢಿಯ ಭಾಷೆಯಲ್ಲಿ ಅದು ಮೈಲಿಗೆ. ಅಸ್ಪೃಶ್ಯರೆನಿಸಿಕೊಂಡವರು ಮುಟ್ಟಿದ ಮಾತ್ರಕ್ಕೆ ನೀರು ಕೆಟ್ಟಿತೆಂದು ೨೭೭ನೆಯ ಪ್ರಕರಣದ ಆಶ್ರಯ ಪಡೆಯುವ ಯತ್ನವೂ ನಡೆಯಿತು. ಕೆಡುವುದೆಂದರೆ ನೀರು ಭೌತಿಕವಾಗಿ ಮಲಿನವಾಗುವುದೇ ಹೊರತು ಸ್ಪರ್ಶದೋಷವಲ್ಲವೆಂದು ಬೊಂಬಾಯಿ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಶುಚಿತ್ವದ ನಿಯಮವನ್ನು ಅಂತಸ್ತಿನ ನಿಯಮದಿಂದ ಬೇರ್ಪಡಿಸಿದ ಈ ವಿವೇಚನೆಯು ನಮ್ಮ ವಿಷಯದ ಇತಿಹಾಸದಲ್ಲಿ ಒಂದು ಮೈಲಿಗಲ್ಲು.

ಆದರೆ ನ್ಯಾಯಾಲಯದ ವ್ಯಾಖ್ಯಾನವು ದಡವನ್ನು ತಲಪುವುದು ಸುಲಭವಾಗಿರಲಿಲ್ಲ. ಇದಕ್ಕೆ ಕೊಂಕಣದ ಮಹಾಡ್ ಪಟ್ಟಣದ ಚವದಾರ್ ಕೆರೆಯೇ ಸಾಕ್ಷಿ. ಸಾರ್ವಜನಿಕ ಹಣದಿಂದ ನಡೆಯುವ ಜಲಸ್ಥಾನಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂಬ ನಿರ್ಣಯವನ್ನು ಎಸ್. ಕೆ. ಬೋಳೆಯವರು ಮಂಡಿಸಿ, ಬೊಂಬಾಯಿ ವಿಧಾನ ಪರಿಷತ್ತು ೧೯೨೩ರ ಆಗಸ್ಟ್‌ನಲ್ಲಿ ಅದನ್ನು ಅಂಗೀಕರಿಸಿತು. ಮಹಾಡ್ ಪುರಸಭೆಯು ೧೯೨೪ರಲ್ಲಿ ತನ್ನ ಕೆರೆಯನ್ನು ಎಲ್ಲರಿಗೂ ತೆರೆದಿರುವುದಾಗಿ ನಿರ್ಣಯಿಸಿತು. ಕಾಗದದ ಮೇಲೆ ಬಾಗಿಲು ತೆರೆಯಿತು, ದಡದಲ್ಲಿ ತೆರೆಯಲಿಲ್ಲ. ೧೯೨೭ರ ಮಾರ್ಚ್ ೨೦ರಂದು ಡಾ. ಭೀಮರಾವ್ ಅಂಬೇಡ್ಕರ್ ಅವರು ತಮ್ಮ ಅನುಯಾಯಿಗಳೊಡನೆ ಕೆರೆಗೆ ನಡೆದು ಅದರ ನೀರನ್ನು ಕುಡಿದರು. ಅವರು ಹಿಂದಿರುಗಿದ ಮೇಲೆ ಹಲ್ಲೆಗಳಾದುವು. ಪಂಚಗವ್ಯದಿಂದ ಕೆರೆಯ ಶುದ್ಧೀಕರಣವೂ ನಡೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಪುರಸಭೆಯು ತನ್ನ ನಿರ್ಣಯವನ್ನು ಹಿಂದಕ್ಕೆ ಪಡೆಯಿತು. ವಿವಾದವು ನ್ಯಾಯಾಲಯವನ್ನು ಮುಟ್ಟಿತು. ಅಸ್ಪೃಶ್ಯರನ್ನು ಹೊರಗಿಡುವ ರೂಢಿಯು ಅನಾದಿಯಾದುದೆಂದು ಪ್ರತಿಪಕ್ಷದವರು ವಾದಿಸಿದರು. ೧೯೩೭ರ ಮಾರ್ಚ್‌ನಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯವು ಆ ಅನಾದಿತ್ವವು ಸಿದ್ಧವಾಗಲಿಲ್ಲವೆಂದು ತೀರ್ಪಿತ್ತಿತು. ಒಂದು ಕೆರೆಯ ಮೆಟ್ಟಿಲನ್ನು ಇಳಿಯುವ ಹಕ್ಕಿಗೆ ಹತ್ತು ವರ್ಷಗಳು ಬೇಕಾದುವು.

ಈ ಹಿನ್ನೆಲೆಯಲ್ಲಿ ಓದಿದಾಗ ನಮ್ಮ ಸಂವಿಧಾನದ ೧೫ನೆಯ ಅನುಚ್ಛೇದದ ಒಂದು ಪದಗುಚ್ಛವು ಹೊಸ ಅರ್ಥವನ್ನು ಪಡೆಯುತ್ತದೆ. ಮೂಲಭೂತ ಹಕ್ಕುಗಳ ಗಂಭೀರವಾದ ಪಟ್ಟಿಯ ನಡುವೆ ಬಾವಿ, ಕೆರೆ, ಸ್ನಾನಘಟ್ಟ ಎಂಬ ದೈನಂದಿನ ಶಬ್ದಗಳು ಬಂದಿರುವುದು ಆಕಸ್ಮಿಕವಲ್ಲ. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮವು (೧೯೭೬ರಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮವೆಂದು ಹೆಸರಾದುದು) ನದಿ, ಕೆರೆ, ಸ್ನಾನಘಟ್ಟಗಳಿಗೆ ಇಳಿಯದಂತೆ ಅಸ್ಪೃಶ್ಯತೆಯ ನೆಪದಿಂದ ತಡೆಯುವುದನ್ನು ಶಿಕ್ಷಾರ್ಹವಾಗಿಸಿತು. ಶತಮಾನಗಳ ಕಾಲ ಇಳಿದವನನ್ನು ದಂಡಿಸುತ್ತಿದ್ದ ದಡವು ಈಗ ತಡೆದವನನ್ನು ದಂಡಿಸತೊಡಗಿತು.

ಹಾಗಾದರೆ ಪ್ರಶ್ನೆಯು ಮುಗಿಯಿತೇ? ಇಲ್ಲವೆಂದೇ ನಮ್ಮ ಅಭಿಪ್ರಾಯ. ೨೦೧೬ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು. ೨೦೧೭ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿಯೇ ಕಾಣಿಸಿಕೊಂಡಿತು. ಇಂತಹ ನೀರಿನ ದಡದಲ್ಲಿ ಈಜಬಾರದೆಂಬ ಫಲಕವನ್ನು ನೆಡುವುದು ಅವಶ್ಯಕವೇ ಸರಿ. ಆದರೆ ಆ ಫಲಕವು ಎಚ್ಚರಿಸುವುದು ಮೀಯುವವನನ್ನು, ಕೊಳಚೆಯನ್ನು ಹರಿಯಬಿಟ್ಟವನನ್ನಲ್ಲ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೨೭೯ನೆಯ ಪ್ರಕರಣವು ನೀರನ್ನು ಕೆಡಿಸುವ ಅಪರಾಧದ ದಂಡವನ್ನು ೫,೦೦೦ ರೂಪಾಯಿಗಳಿಗೂ ಸೆರೆವಾಸವನ್ನು ಆರು ತಿಂಗಳಿಗೂ ಏರಿಸಿದೆ. ಒಬ್ಬ ವ್ಯಕ್ತಿಯ ಕೃತ್ಯವನ್ನು ಕಣ್ಣಮುಂದಿಟ್ಟುಕೊಂಡು ರಚಿತವಾದ ಈ ವಿಧಿಗೆ ಇಡೀ ನಗರವೊಂದರ ಕೊಳಚೆಯು ಎಷ್ಟರಮಟ್ಟಿಗೆ ಸಿಕ್ಕೀತು?

ನಾವು ಮೇಲೆ ಕಂಡ ಕಟ್ಟಳೆಗಳನ್ನೆಲ್ಲ ಒಟ್ಟಿಗೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನೀರನ್ನು ಕಾಯುತ್ತೇನೆಂದು ಹೇಳುವ ನಿಯಮವೆಲ್ಲವೂ ನೀರನ್ನೇ ಕಾಯುವುದಿಲ್ಲ. ಅದು ಮಾತನಾಡುವ ಹೆಸರು ಶುಚಿತ್ವದ್ದಾಗಿರಬಹುದು, ಧರ್ಮದ್ದಾಗಿರಬಹುದು, ಸುರಕ್ಷತೆಯದಾಗಿರಬಹುದು. ಅದರ ನಿಜವಾದ ಸ್ವರೂಪವು ತಿಳಿಯುವುದು ಅದು ದಡದಿಂದ ಯಾರನ್ನು ಎಬ್ಬಿಸುತ್ತದೆ, ಯಾರನ್ನು ಕೇಳದೆ ಬಿಡುತ್ತದೆ ಎಂಬುದರಿಂದ. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಕೆರೆಯ ದಡಕ್ಕೆ ಹೋಗಿ, ಅಲ್ಲಿಯ ಫಲಕವನ್ನೂ, ಪುರಸಭೆಯ ಹಳೆಯ ನಿರ್ಣಯಗಳನ್ನೂ, ಬೆಸ್ತರ ಮತ್ತು ಅಗಸರ ಮನೆಗಳ ಹಿರಿಯರ ನೆನಪುಗಳನ್ನೂ ಸಂಗ್ರಹಿಸಿದರೆ, ಅರಮನೆಗಳ ಇತಿಹಾಸದಲ್ಲಿ ದೊರೆಯದ ಅನೇಕ ಸಂಗತಿಗಳು ಬೆಳಕಿಗೆ ಬಂದಾವೆಂದು ನಾವು ನಂಬಿದ್ದೇವೆ.