ಕಯ್ಯಾರರು ಬರೆದ ಪಾಠಪುಸ್ತಕಗಳು

ಗಡಿನಾಡಿನ ಹೆತ್ತವರೇ,

ನವೆಂಬರ್ ಬಂತೆಂದರೆ ಕಾಸರಗೋಡಿನ ಕನ್ನಡ ಸಭೆಗಳಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳ ‘ಬೆಂಕಿ ಬಿದ್ದಿದೆ ಮನೆಗೆ’ ಕವಿತೆಯ ನೆನಪಾಗದೆ ಇರದು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಆ ಸಂಕಟದ ಕೂಗನ್ನು ನಾವು ಜೋಪಾನವಾಗಿ ಕಾಪಿಟ್ಟುಕೊಂಡಿದ್ದೇವೆ. ಆದರೆ ಅದೇ ಕವಿ ಮಕ್ಕಳಿಗಾಗಿ ಬರೆದ ಪುಸ್ತಕಗಳ ಹೆಸರು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

‘ಮಕ್ಕಳ ಪದ್ಯಮಂಜರಿ’ ಎರಡು ಭಾಗಗಳು. ‘ನವೋದಯ ವಾಚನಮಾಲೆ’ ಎಂಬ ಎಂಟು ಪಾಠಪುಸ್ತಕಗಳು. ಜೊತೆಗೆ ವ್ಯಾಕರಣ ಮತ್ತು ಪ್ರಬಂಧವನ್ನು ಕಲಿಸುವ ಒಂದು ಪುಸ್ತಕ. ವಾಚನಮಾಲೆ ಕಟ್ಟುವುದು ಕವಿತೆ ಬರೆದಂತಲ್ಲ. ಯಾವ ಒತ್ತಕ್ಷರ ಯಾವ ಪಾಠದಲ್ಲಿ ಬರಬೇಕು, ಇಂದು ಕಲಿತ ಪದ ನಾಳೆ ಎಲ್ಲಿ ಮರಳಿ ಕಾಣಬೇಕು, ಓದುವ ಮಗುವಿಗೆ ಉಸಿರು ಕಟ್ಟದಂತೆ ವಾಕ್ಯ ಎಷ್ಟು ಉದ್ದವಿರಬೇಕು ಎಂದು ಲೆಕ್ಕ ಹಾಕುತ್ತ ಕೂರಬೇಕು. ಹೆಸರು ತರದ, ಚಪ್ಪಾಳೆ ಸಿಗದ ಕೆಲಸವದು. ಪ್ರತಿಭೆಯುಳ್ಳ ಕವಿಗಳು ಸಾಮಾನ್ಯವಾಗಿ ಅದರ ಗೊಡವೆಗೆ ಹೋಗುವುದಿಲ್ಲ. ಪೆರಡಾಲದ ನವಜೀವನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಈ ಕವಿ ಹೋದರು.

1956ರಲ್ಲಿಯೇ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯ ಯತ್ನಿಸಬೇಕೆಂದು ಅದು ಹೇಳುತ್ತದೆ. ‘ಯತ್ನಿಸಬೇಕು’ ಎಂಬ ಆ ಮಾತಿನ ಬಲವೆಷ್ಟು, ದುರ್ಬಲತೆಯೆಷ್ಟು ಎಂಬುದನ್ನು ಕನ್ನಡ ಬಲ್ಲ ಅಧ್ಯಾಪಕರಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದ ನಿಮಗೆ ನಾನು ವಿವರಿಸಬೇಕಾಗಿಲ್ಲ. ಚಂದ್ರಗಿರಿ ನದಿಯ ಉತ್ತರಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ಅದು ಕಾಗದದಲ್ಲೇ ಉಳಿಯಿತು. ವರದಿ ಜಾರಿಯಾಗಲೆಂದು ಹೋರಾಡಿದವರಲ್ಲಿ ಕಯ್ಯಾರರೂ ಒಬ್ಬರು. ಆದರೆ ಒಂದನೆಯ ತರಗತಿಯ ಮಗು ಆಯೋಗದ ವರದಿಗಾಗಿ ಕಾಯಲಾರದು. ಅದಕ್ಕೆ ಈ ಜೂನ್‌ನಲ್ಲಿಯೇ ಪುಸ್ತಕ ಬೇಕು.

ನಿಮ್ಮಲ್ಲಿ ಹಲವರನ್ನು ಕಾಡುವ ಪ್ರಶ್ನೆಯೊಂದಿದೆ: ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಕನ್ನಡ, ಹೊರಗೆ ರಾಜ್ಯಭಾಷೆ; ಮಗು ಎಲ್ಲಿಯೂ ಸಲ್ಲದೆ ಹೋದೀತೇ? ಕಯ್ಯಾರರ ಮನೆಮಾತು ತುಳು. ‘ಎನ್ನಪ್ಪೆ ತುಳುವಪ್ಪೆ’ ಎಂಬ ಕವನಸಂಕಲನವನ್ನು ಅವರು ಆ ನುಡಿಯಲ್ಲಿಯೇ ಬರೆದರು. ಮಲಯಾಳದ ಮಹಾಕವಿ ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದರು. ಗಡಿರೇಖೆಯ ವಿರುದ್ಧ ಅಷ್ಟು ಕೆರಳಿದ್ದ ಮನುಷ್ಯ ಗಡಿಯಾಚೆಯ ಕಾವ್ಯವನ್ನು ಹಗೆಯೆಂದು ಬಗೆಯಲಿಲ್ಲ. ಅವರ ಬಾಳಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು. ಮಲಯಾಳವನ್ನು ಕಲಿಯುವುದೆಂದರೆ ಕನ್ನಡವನ್ನು ಬಿಡುವುದು ಎಂದು ನಮ್ಮಲ್ಲಿ ಕೆಲವರು ವಾದಿಸುವಾಗ, ಕನ್ನಡ ಕಲಿತರೆ ಬದುಕಿಲ್ಲವೆಂದು ಬೇರೆ ಕೆಲವರು ಹೆದರಿಸುವಾಗ, ಇಬ್ಬರಿಗೂ ಈ ಅನುವಾದವನ್ನು ತೋರಿಸಬೇಕೆನಿಸುತ್ತದೆ.

ಪ್ರಶಸ್ತಿಗಳು ಬಂದವು. 1969ರಲ್ಲಿ ಕೇಂದ್ರ ಸರಕಾರದ ಶ್ರೇಷ್ಠ ಶಿಕ್ಷಕ ಪ್ರಶಸ್ತಿ, ಮುಂದೆ ನಾಡೋಜ ಗೌರವ. 1997ರಲ್ಲಿ ಮಂಗಳೂರಿನಲ್ಲಿ ನಡೆದ 66ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ಅವರಿಗೆ ಎಂಬತ್ತು ದಾಟಿತ್ತು. ಅವರು ಹುಟ್ಟಿದ ಕಾಲಕ್ಕೆ ಮಂಗಳೂರು ಅವರದೇ ಜಿಲ್ಲೆಯ ಕೇಂದ್ರ. ಈಗ ಪರರಾಜ್ಯದ ಪಟ್ಟಣ. 1915ರ ಜೂನ್ 8ರಂದು ಹುಟ್ಟಿದ ಕಯ್ಯಾರರು ನೂರು ತುಂಬಿದ ಎರಡು ತಿಂಗಳಿಗೆ, 2015ರ ಆಗಸ್ಟ್ 9ರಂದು ತೀರಿಕೊಂಡರು.

ಮುಂದಿನ ರಕ್ಷಕ-ಶಿಕ್ಷಕ ಸಭೆಗೆ ಹೋದಾಗ ಶಾಲೆಯ ಗ್ರಂಥಾಲಯದ ಕಪಾಟನ್ನು ಒಮ್ಮೆ ತೆರೆಸಿ ನೋಡಿ. ‘ಮಕ್ಕಳ ಪದ್ಯಮಂಜರಿ’ಯ ಹಳೆಯ ಪ್ರತಿಯೊಂದು ಸಿಕ್ಕರೆ ದಯವಿಟ್ಟು ಇಲ್ಲಿ ತಿಳಿಸಿ, ಯಾವ ಭಾಗ, ಯಾವ ವರ್ಷದ ಮುದ್ರಣವೆಂದೂ ಬರೆಯಿರಿ.