ಪ್ರಸೂತಿಗೃಹವೆಂಬ ಪಾಠಶಾಲೆ

ವೈದ್ಯಶಾಸ್ತ್ರದ ಕೆಲವು ಭಾಗಗಳನ್ನು ಗ್ರಂಥಗಳಿಂದಲೂ ಉಪನ್ಯಾಸಗಳಿಂದಲೂ ತಕ್ಕಮಟ್ಟಿಗೆ ಕಲಿಯಬಹುದು. ಪ್ರಸೂತಿಶಾಸ್ತ್ರವನ್ನು ಹಾಗೆ ಕಲಿಯಲಾಗದು. ಹೆರಿಗೆಯ ನೋವು ಹೊತ್ತುಗೊತ್ತುಗಳನ್ನು ನೋಡಿಕೊಂಡು ಬರುವುದಲ್ಲ. ಒಂದು ಗಳಿಗೆಯಲ್ಲಿ ಸುಸೂತ್ರವಾಗಿ ಕಂಡದ್ದು ಮರುಗಳಿಗೆಯಲ್ಲಿ ತಾಯಿಮಕ್ಕಳಿಬ್ಬರ ಪ್ರಾಣಕ್ಕೂ ಸಂಚಕಾರವಾಗಬಹುದು. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಬರಿಯ ಮಾತಲ್ಲ. ಆದುದರಿಂದ ಈ ವಿದ್ಯೆಯನ್ನು ಕಲಿಯಬೇಕೆನ್ನುವವನು ಹಗಲಿರುಳೂ ಆಸ್ಪತ್ರೆಯಲ್ಲಿಯೇ ವಾಸಮಾಡಬೇಕಾಯಿತು. ಹೀಗೆ ವಾಸಮಾಡುವ ವೈದ್ಯನಿಗೇ ‘ರೆಸಿಡೆಂಟ್’ ಎಂಬ ಹೆಸರು ಬಂದಿತು. ಈ ಪದ್ಧತಿಯು ಹೇಗೆ ಬೆಳೆಯಿತು, ಆ ಕಲಿಕೆಗೆ ಬೆಲೆ ತೆತ್ತವರು ಯಾರು ಎಂಬುದನ್ನು ನಾವು ಈಗ ಸಂಕ್ಷೇಪವಾಗಿ ವಿಚಾರಮಾಡೋಣ.

1745ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಬಾರ್ಥೋಲೋಮ್ಯೂ ಮಾಸ್ ಎಂಬ ವೈದ್ಯನು ಬಡ ಗರ್ಭಿಣಿಯರಿಗಾಗಿ ಒಂದು ಚಿಕ್ಕ ಪ್ರಸೂತಿಗೃಹವನ್ನು ತೆರೆದನು. ಅದು 1757ರಲ್ಲಿ ಭವ್ಯವಾದ ಹೊಸ ಕಟ್ಟಡವನ್ನು ಸೇರಿ, ಮುಂದೆ ರೊಟಂಡಾ ಎಂದು ಲೋಕಪ್ರಸಿದ್ಧವಾಯಿತು. ಅಲ್ಲಿನ ಮುಖ್ಯ ವೈದ್ಯನಿಗೆ ‘ಮಾಸ್ಟರ್’ ಎಂದು ಹೆಸರು. ಅವನ ಅಧಿಕಾರಾವಧಿ ಏಳು ವರ್ಷಗಳು. ದೂರದೂರದ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಹೆರಿಗೆಯ ಕ್ರಮವನ್ನು ಕಣ್ಣಾರೆ ಕಂಡು ಕೈಯಾರೆ ಕಲಿತರು. ನಮ್ಮ ದೇಶದ ಹಲವು ವೈದ್ಯರೂ ಅಲ್ಲಿ ಶಿಕ್ಷಣ ಪಡೆದು ಬಂದುದುಂಟು.

ಡಬ್ಲಿನ್ನಿನ ಕೀರ್ತಿಯಿಂದ ಆಕರ್ಷಿತನಾಗಿ, ಅಲ್ಲಿಗೆ ಹೋಗಬೇಕೆಂದು ಇಂಗ್ಲಿಷನ್ನು ಅಭ್ಯಾಸಮಾಡುತ್ತಿದ್ದವರಲ್ಲಿ ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ಹಂಗೇರಿಯ ತರುಣನೂ ಒಬ್ಬನು. 1846ರಲ್ಲಿ ಅವನು ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯ ಪ್ರಸೂತಿವಿಭಾಗದಲ್ಲಿ ಪ್ರೊಫೆಸರ್ ಕ್ಲೈನನ ಸಹಾಯಕನಾಗಿದ್ದನು. ಅಲ್ಲಿ ಎರಡು ವಿಭಾಗಗಳಿದ್ದುವು. 1840ರಿಂದ ಮೊದಲನೆಯದರಲ್ಲಿ ವೈದ್ಯವಿದ್ಯಾರ್ಥಿಗಳಿಗೂ, ಎರಡನೆಯದರಲ್ಲಿ ಸೂಲಗಿತ್ತಿಯರಿಗೂ ಶಿಕ್ಷಣ ನಡೆಯುತ್ತಿತ್ತು. 1846ನೆಯ ವರ್ಷ ಮೊದಲನೆಯ ವಿಭಾಗದಲ್ಲಿ 4,010 ಹೆರಿಗೆಗಳಾಗಿ 459 ಮಂದಿ ತಾಯಂದಿರು ಮಡಿದರು. ಎರಡನೆಯದರಲ್ಲಿ 3,754 ಹೆರಿಗೆಗಳಿಗೆ ಮಡಿದವರು 105 ಮಂದಿ. ಕಾರಣ ಸೂತಿಕಾಜ್ವರ. ಊರಿನ ಬಡಹೆಂಗಸರಿಗೆ ಈ ಭೇದವು ಚೆನ್ನಾಗಿ ತಿಳಿದಿತ್ತು. ಮೊದಲನೆಯ ವಿಭಾಗಕ್ಕೆ ಸೇರಿಸಬೇಡಿರೆಂದು ಅವರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು. ಆಸ್ಪತ್ರೆಗೆ ಬರುವ ದಾರಿಯಲ್ಲಿ, ಬೀದಿಯಲ್ಲಿಯೇ ಹೆತ್ತವರಿಗೆ ಕೂಡ ಈ ಜ್ವರವು ಅಪರೂಪವಾಗಿತ್ತು. ವಿದ್ಯೆಯಿದ್ದಲ್ಲಿ ಸಾವು ಹೆಚ್ಚು, ವಿದ್ಯೆಯಿಲ್ಲದಲ್ಲಿ ಸಾವು ಕಡಮೆ! ಇದಕ್ಕಿಂತ ವಿಪರೀತ ಬೇರೊಂದುಂಟೆ?

1847ರ ಮಾರ್ಚಿಯಲ್ಲಿ ಸೆಮ್ಮೆಲ್ವೈಸನ ಮಿತ್ರನಾದ ಕೊಲೆಚ್ಕನೆಂಬ ಪ್ರೊಫೆಸರನು, ಶವಪರೀಕ್ಷೆಯ ಸಮಯದಲ್ಲಿ ವಿದ್ಯಾರ್ಥಿಯೊಬ್ಬನ ಚಾಕು ತಗುಲಿ ಗಾಯಗೊಂಡು ತೀರಿಕೊಂಡನು. ಅವನ ದೇಹದಲ್ಲಿ ಕಂಡ ವಿಕಾರಗಳು ಬಾಣಂತಿಯರ ದೇಹದಲ್ಲಿ ಕಾಣುತ್ತಿದ್ದ ವಿಕಾರಗಳೇ ಆಗಿದ್ದುವು. ಸೆಮ್ಮೆಲ್ವೈಸನಿಗೆ ಕಣ್ಣು ತೆರೆದಂತಾಯಿತು. ವಿದ್ಯಾರ್ಥಿಗಳು ಬೆಳಗ್ಗೆ ಶವಗಳನ್ನು ಕೊಯ್ದು, ಅದೇ ಕೈಗಳಿಂದ ಹೆರಿಗೆಯ ಹೆಂಗಸರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರಿಗೆ ಶವದ ಕೆಲಸವಿರಲಿಲ್ಲ. ಮೇ ತಿಂಗಳಲ್ಲಿ ಅವನು ಎಲ್ಲರೂ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ಕಟ್ಟಳೆಮಾಡಿದನು. ಅದೇ ವರ್ಷದ ಅಕ್ಟೋಬರಿನಲ್ಲಿ, ಗರ್ಭಕೋಶದ ಅರ್ಬುದವಿದ್ದ ಒಬ್ಬ ರೋಗಿಯನ್ನು ಪರೀಕ್ಷಿಸಿದ ಬಳಿಕ ಅದೇ ಸಾಲಿನಲ್ಲಿದ್ದ 12 ಮಂದಿ ಬಾಣಂತಿಯರಲ್ಲಿ 11 ಮಂದಿ ಸತ್ತರು. ವಿಷವು ಶವದಿಂದ ಮಾತ್ರವೇ ಅಲ್ಲ, ಬದುಕಿರುವ ರೋಗಿಯಿಂದಲೂ ಬರುವುದೆಂದು ಇದರಿಂದ ತಿಳಿದು, ಒಬ್ಬೊಬ್ಬರನ್ನು ಮುಟ್ಟುವ ಮೊದಲೂ ಕೈ ತೊಳೆಯುವ ನಿಯಮವು ಬಂದಿತು. 1848ರಲ್ಲಿ ಮೊದಲನೆಯ ವಿಭಾಗದ 3,556 ಹೆರಿಗೆಗಳಲ್ಲಿ ಸತ್ತವರು 45 ಮಂದಿ ಮಾತ್ರ. ಇಷ್ಟಾದರೂ 1849ರಲ್ಲಿ ಅವನ ಎರಡು ವರ್ಷಗಳ ಸಹಾಯಕ ಹುದ್ದೆಯನ್ನು ಮುಂದುವರಿಸಲಿಲ್ಲ. ವೈದ್ಯರ ಕೈಯೇ ಮೃತ್ಯುವನ್ನು ಹೊತ್ತು ತಂದಿತೆಂಬ ಮಾತನ್ನು ಒಪ್ಪಿಕೊಳ್ಳುವುದು ಅಂದಿನ ಅನೇಕ ವೈದ್ಯರಿಗೆ ಕಷ್ಟವಾಯಿತು. 1865ರಲ್ಲಿ ಅವನು ಹುಚ್ಚಾಸ್ಪತ್ರೆಯೊಂದರಲ್ಲಿ ಮರಣಹೊಂದಿದನು.

ಶಿಕ್ಷಣಕ್ಕೆ ಕಟ್ಟುನಿಟ್ಟಾದ ಮೇಲ್ವಿಚಾರಣೆಯೂ ಕ್ರಮವೂ ಬೇಕೆಂಬ ಪಾಠಕ್ಕೆ ಅಮೆರಿಕದ ಬಾಲ್ಟಿಮೋರಿನಲ್ಲಿ ಒಂದು ರೂಪ ದೊರೆಯಿತು. ಅಲ್ಲಿ 1889ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯು ತೆರೆದಾಗ, ಆಸ್ಲರನು ವೈದ್ಯವಿಭಾಗವನ್ನೂ, ಹಾಲ್‌ಸ್ಟೆಡನು ಶಸ್ತ್ರಚಿಕಿತ್ಸೆಯನ್ನೂ, ಹವರ್ಡ್ ಕೆಲ್ಲಿಯು ಸ್ತ್ರೀರೋಗವಿಭಾಗವನ್ನೂ ವಹಿಸಿಕೊಂಡರು. ಪದವಿ ಪಡೆದ ತರುಣರು ಆಸ್ಪತ್ರೆಯಲ್ಲಿಯೇ ನೆಲಸಿ, ಮೊದಲು ನೋಡುತ್ತ, ಬಳಿಕ ನೆರವಾಗುತ್ತ, ಕೊನೆಗೆ ತಾವೇ ಹೊಣೆಹೊರುತ್ತ ಮೆಟ್ಟಲು ಮೆಟ್ಟಲಾಗಿ ಮೇಲೇರುವ ಏರ್ಪಾಡು ಅಲ್ಲಿ ಬೇರೂರಿತು. ಅದೇ ಸಂಸ್ಥೆಯ ವಿಟ್ರಿಜ್ ವಿಲಿಯಮ್ಸನು 1912ರಲ್ಲಿ ತನ್ನ ದೇಶದ ಪ್ರಸೂತಿಶಿಕ್ಷಣವನ್ನು ವಿಮರ್ಶಿಸಿ, ಸೂಲಗಿತ್ತಿಯರನ್ನು ದೂರುವ ವೈದ್ಯರಲ್ಲಿಯೇ ಎಷ್ಟೋ ಮಂದಿಗೆ ಸಾಕಷ್ಟು ತರಬೇತಿಯಿಲ್ಲವೆಂದು ನಿರ್ದಾಕ್ಷಿಣ್ಯವಾಗಿ ಬರೆದನು. 1930ರಲ್ಲಿ ಆ ದೇಶದಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರನ್ನು ಪರೀಕ್ಷಿಸಿ ಪ್ರಮಾಣಪತ್ರವೀಯುವ ಮಂಡಲಿಯು ಸ್ಥಾಪಿತವಾಯಿತು. ನಿದ್ದೆಗೆಟ್ಟ ವೈದ್ಯನ ಕೈಯಿಂದಲೂ ಅಪಾಯವುಂಟೆಂಬುದು ಬಹುಕಾಲದ ಮೇಲೆ ಗಮನಕ್ಕೆ ಬಂದು, 2003ರಲ್ಲಿ ಅಲ್ಲಿನ ರೆಸಿಡೆಂಟರ ಕೆಲಸಕ್ಕೆ ವಾರಕ್ಕೆ 80 ಗಂಟೆಗಳ ಮಿತಿಯು ಏರ್ಪಟ್ಟಿತು.

ನಮ್ಮ ಸೀಮೆಯಲ್ಲಿಯೂ 1924ರಲ್ಲಿ ಮೈಸೂರು ವೈದ್ಯಕೀಯ ಕಾಲೇಜು ಆರಂಭವಾಯಿತು. 1935ರಲ್ಲಿ ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆಯು ತೆರೆಯಿತು. ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿಯೂ ವಾಣಿವಿಲಾಸದಲ್ಲಿಯೂ ಈಗ ತರುಣ ವೈದ್ಯರು ಮೂರು ವರ್ಷಗಳ ಕಾಲ ಇದೇ ವ್ರತವನ್ನು ನಡೆಸಿ ತಜ್ಞರಾಗುತ್ತಾರೆ.

ಈ ಚರಿತ್ರೆಯಲ್ಲಿ ಗುರುಗಳ ಹೆಸರುಗಳು ಉಳಿದಿವೆ. ಯಾರ ದೇಹದ ಮೇಲೆ ಈ ವಿದ್ಯೆಯು ಬೆಳೆಯಿತೋ ಆ ತಾಯಂದಿರ ಹೆಸರುಗಳು ಉಳಿದಿಲ್ಲ. ಹಣವಂತರು ಮನೆಯಲ್ಲಿ ಹೆತ್ತರು. ಹಣವಿಲ್ಲದವರು ಆಸ್ಪತ್ರೆಗೆ ಬಂದು, ತಾವರಿಯದೆಯೇ ವೈದ್ಯರಿಗೆ ಗುರುಗಳಾದರು. ಕಲಿಯುವವನು ಎಂದಿಗೂ ಬೇಕು. ಇಲ್ಲದಿದ್ದರೆ ನಾಳೆಯ ತಾಯಿಗೆ ವೈದ್ಯನಿಲ್ಲ. ಆದರೆ ಅವನ ಕಲಿಕೆಯ ಸಾಲವನ್ನು ಇಂದಿನ ತಾಯಿಯು ತೀರಿಸುವಂತಾಗಬಾರದು. ಹಿರಿಯನ ಕಣ್ಣು ಕಿರಿಯನ ಕೈಯ ಮೇಲಿರಬೇಕು, ಆ ಕೈ ಶುದ್ಧವಾಗಿರಬೇಕು. ಇಷ್ಟನ್ನು ಕಲಿಯುವುದಕ್ಕೆ ಲೋಕವು ತೆತ್ತ ಬೆಲೆಯು ಅಲ್ಪವಲ್ಲವೆಂಬುದನ್ನು ನಾವು ಮರೆಯದಿರೋಣ.