ನೆರಡಿ ರೋಗದ ಬೀಜಾಣು



ವಿರಾಜಪೇಟೆಯಿಂದ ಘಟ್ಟ ಇಳಿದು ಇರಿಟ್ಟಿ ಕಡೆಗೆ ಹೋಗುವಾಗ ಮಾಕುಟ್ಟದ ಗೇಟು ಸಿಗುವುದು ನಿಮಗೆಲ್ಲ ಗೊತ್ತಿದ್ದದ್ದೇ. ಅಲ್ಲಿ ಲಾರಿಯನ್ನು ನಿಲ್ಲಿಸಿ ಚೀಟಿ ಕೇಳಬಹುದು. ಕಾಡುಹಂದಿಯನ್ನು ನಿಲ್ಲಿಸಿ ಕೇಳುವವರು ಯಾರು? 2022ರ ಜೂನ್ ಕೊನೆಯಲ್ಲಿ ಕೇರಳದ ಅತಿರಪ್ಪಿಳ್ಳಿ ಕಾಡಿನಲ್ಲಿ ಹಂದಿಗಳು ಸತ್ತುಬಿದ್ದವು. ಪರೀಕ್ಷಿಸಿ ನೋಡಿದರೆ ನೆರಡಿ ರೋಗ, ಅಂದರೆ ಆಂಥ್ರಾಕ್ಸ್. ಅತಿರಪ್ಪಿಳ್ಳಿ ಮಾಕುಟ್ಟಕ್ಕೆ ದೂರವೇ ಸರಿ. ಆದರೆ ಎರಡೂ ಒಂದೇ ಘಟ್ಟದ ಸಾಲಿನ ಕಾಡು. ಆದ್ದರಿಂದ ಈ ರೋಗದ ಹಳೆಯ ಕಥೆಯನ್ನು ಸ್ವಲ್ಪ ಕೇಳಿ.

ಒಂದು ಹುಲ್ಲುಗಾವಲಿನಲ್ಲಿ ದನ ಸತ್ತು ಎಷ್ಟೋ ವರ್ಷ ಕಳೆದ ಮೇಲೆ ಅಲ್ಲೇ ಮೇಯ್ದ ಇನ್ನೊಂದು ದನ ಸಾಯುತ್ತಿತ್ತು. ನೆಲಕ್ಕೆ ಶಾಪವಿದೆ ಅಂತ ಯುರೋಪಿನ ರೈತರೂ ನಂಬಿದ್ದರು. ಈ ಗುಟ್ಟನ್ನು ಬಿಡಿಸಿದವರು ರಾಬರ್ಟ್ ಕಾಖ್ ಎಂಬ ಜರ್ಮನ್ ವೈದ್ಯರು. ದೊಡ್ಡ ಪ್ರಯೋಗಶಾಲೆಯೇನೂ ಅವರಿಗಿರಲಿಲ್ಲ. ವೋಲ್‌ಸ್ಟೈನ್ ಎಂಬ ಸಣ್ಣ ಊರಿನಲ್ಲಿ ರೋಗಿಗಳನ್ನು ನೋಡುತ್ತಾ, ಬಿಡುವಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುತ್ತಿದ್ದರು. ಎತ್ತಿನ ಕಣ್ಣಿನ ನೀರಿನಲ್ಲಿ ಕ್ರಿಮಿಯನ್ನು ಬೆಳೆಸಿದರು; ಮರದ ಚೂರಿನಿಂದ ಚುಚ್ಚಿ ಇಲಿಗಳಿಗೆ ರೋಗ ಹತ್ತಿಸಿ ನೋಡಿದರು. ಕಡ್ಡಿಯಂತಿದ್ದ ಕ್ರಿಮಿ ಉದ್ದಕ್ಕೆ ಬೆಳೆದು, ಒಳಗೆ ಮಣಿ ಪೋಣಿಸಿದ ಹಾಗೆ ಬೀಜಾಣು ಕಟ್ಟಿತು. 1876ರಲ್ಲಿ ಇದನ್ನು ಪ್ರಕಟಿಸಿದರು. ಕ್ರಿಮಿ ಬಲು ಬೇಗ ಸಾಯುತ್ತದೆ. ಬೀಜಾಣು ಬಿಸಿಲಿಗೂ ಬರಕ್ಕೂ ಬಗ್ಗದೆ ಹತ್ತಾರು ವರ್ಷ ಮಣ್ಣಿನಲ್ಲಿ ಮಲಗಿರುತ್ತದೆ.

ಬೀಜಾಣು ಕಟ್ಟಲು ಗಾಳಿ ಬೇಕು, ತೇವ ಬೇಕು, ಬೆಚ್ಚಗಿರಬೇಕು. ಮುಚ್ಚಿದ ಹೆಣದೊಳಗೆ ಗಾಳಿಯಿಲ್ಲ. ಹೆಣ ಕೊಳೆಯುತ್ತಾ ಕ್ರಿಮಿಯೂ ಸಾಯುತ್ತದೆ. ಚರ್ಮದ ಆಸೆಗೆ ಕತ್ತಿ ಹಾಕಿದಿರೋ, ರಕ್ತವೆಲ್ಲ ನೆಲಕ್ಕೆ ಬಿದ್ದು ಅಲ್ಲೇ ಬೀಜಾಣುವಾಯಿತು. ಕುಯ್ದವನ ಕೈಗೂ ಅದು ಹತ್ತುತ್ತದೆ. ದನ ಹಠಾತ್ತಾಗಿ ಸತ್ತು, ಮೂಗಿನಿಂದಲೋ ಗುದದಿಂದಲೋ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿದಿದ್ದರೆ ಹೆಣ ಮುಟ್ಟಬೇಡಿ, ನಾಯಿಯನ್ನೂ ಬಿಡಬೇಡಿ. ಪಶುವೈದ್ಯರಿಗೆ ಹೇಳಿ ಕಳಿಸಿ.

ನೆಲ ಒಮ್ಮೆ ಕೆಟ್ಟರೆ ಏನಾಗುತ್ತದೆ ಅಂತೀರಾ? ಸ್ಕಾಟ್ಲೆಂಡಿನ ಗ್ರುಯಿನಾರ್ಡ್ ದ್ವೀಪದಲ್ಲಿ 1942ರಲ್ಲಿ, ಯುದ್ಧದ ಹುಚ್ಚಿನಲ್ಲಿ, ಈ ಬೀಜಾಣುವಿನ ಬಾಂಬು ಸಿಡಿಸಿ ಕುರಿಗಳ ಮೇಲೆ ಪರೀಕ್ಷೆ ಮಾಡಿದರು. 1986ರಲ್ಲಿ ಸಮುದ್ರದ ನೀರಿಗೆ ಫಾರ್ಮಲ್ಡಿಹೈಡ್ ಬೆರೆಸಿ ನೆಲವನ್ನೆಲ್ಲ ತೊಳೆದರು. ದ್ವೀಪಕ್ಕೆ ಬರಬಹುದು ಅಂತ ಸರಕಾರ ಹೇಳಿದ್ದು 1990ರಲ್ಲಿ! ನಮ್ಮ ಹುಲ್ಲುಗಾವಲನ್ನು ಹಾಗೆ ತೊಳೆಯುವವರು ಯಾರು?

ಲಸಿಕೆಯ ಕಥೆಯೂ ಹಳೆಯದೇ. 1881ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಊರವರ ಎದುರಿಗೇ ಕುರಿಗಳಿಗೆ ಲಸಿಕೆ ಚುಚ್ಚಿ ತೋರಿಸಿದರು: ಲಸಿಕೆ ಹಾಕಿದ ಕುರಿಗಳು ನಿಂತಿದ್ದವು, ಹಾಕದವು ಸತ್ತವು. ಈಗ ಬಳಸುವುದು 1930ರ ದಶಕದಲ್ಲಿ ದಕ್ಷಿಣ ಆಫ್ರಿಕದ ಮ್ಯಾಕ್ಸ್ ಸ್ಟರ್ನ್ ಕಂಡುಹಿಡಿದ ತಳಿ. ಬೆಂಗಳೂರಿನ ಹೆಬ್ಬಾಳದಲ್ಲಿ, 1925ರಲ್ಲಿ ಮೈಸೂರು ಸೀರಂ ಸಂಸ್ಥೆ ಎಂದು ಶುರುವಾದ ಕಡೆಯಲ್ಲೇ, ನಮ್ಮ ರಾಜ್ಯದ ಲಸಿಕೆ ತಯಾರಾಗುತ್ತದೆ. ಆ ಸೀಸೆಯಲ್ಲಿರುವುದೂ ಜೀವಂತ ಬೀಜಾಣುವೇ. ಮೈಮೇಲೆ ಹೊದಿಕೆ ಕಟ್ಟಿಕೊಳ್ಳಲು ಬಾರದ, ಬಲಗುಂದಿದ ತಳಿ, ಅಷ್ಟೆ.